ನೆತ್ತಿ ಯಾವ ಕಡೆ

ಐಮಂಗಲ ದಾಟಿ ಮರಡಿಹಳ್ಳಿಯ ತಿರುವಿನಲ್ಲಿ
ಬಸ್ಸು ನಿಲ್ಲಿಸಿ ಮೊದಲು ಸುತ್ತಿಗೆಗಳನ್ನು ಇಸಿದುಕೊಂಡೆ.
ಮೂರಿದ್ದವು. ಒಂದು ಮನೆಯಲ್ಲಿ ಕಾಯಿ ಒಡೆಯುವುದು.
ಒಡೆಯೋದು ಬೇಡ, ಮುಟ್ಟಿ, ಎಂದೆ.

ರಸ್ತೆಯಿಂದ ಬಂಡೆಗೆ ಇನ್ನೂರೈವತ್ತು ಹೆಜ್ಜೆ.
ಹೋದ ಭಾನುವಾರವೇ ಬಂದು ಅಳೆದಿಟ್ಟಿದ್ದೆ:
ಹೆಜ್ಜೆಗೊಂದು ಕೋಟಿ ವರ್ಷ, ಹಿಂದಕ್ಕೆ.
ಮನುಷ್ಯರೆಲ್ಲ,
ಕೋಟೆ ಕಟ್ಟಿದವರು, ಕೆಡವಿದವರು, ಹಾಜರಿ ಕೂಗುವ ನಾನು,
ಮೊದಲ ಹೆಜ್ಜೆಯ ಹೆಬ್ಬೆರಳಿನ ಉಗುರಿನಲ್ಲೇ ಮುಗಿದೆವು.
ಏಳನೇ ಹೆಜ್ಜೆಗೆ ಡೈನೋಸಾರ್ ಸಿಕ್ಕವು.
ಇಷ್ಟು ಬೇಗನಾ, ಎಂದು ಬೇಜಾರಾಯಿತು ಹುಡುಗರಿಗೆ.
ಆಮೇಲೆ ಬರೀ ಬಂದ್ರೆ ಗಿಡ, ಜಾಲಿ ಮುಳ್ಳು,
ದೂರದ ಗುಡ್ಡದಲ್ಲಿ ಗಾಳಿಯ ಫ್ಯಾನು ತಮ್ಮ ಪಾಡಿಗೆ.
ತೊಂಬತ್ತರ ಹತ್ತಿರ ಓತಿಕ್ಯಾತವೊಂದು ಅಡ್ಡ ಬಂದು
ಎಣಿಕೆ ತಪ್ಪಿತು. ಎಷ್ಟು ಕೋಟಿ ವರ್ಷವೋ,
ಅದರ ಬಾಲದ ಹಿಂದೆ
ಕಲ್ಲಿನ ಸಂದಿಯೊಳಗೆ ಹಾಗೇ ಹೋದವು.

ಬಂಡೆ.
ಕಪ್ಪುಹಸಿರು, ಉಬ್ಬುಬ್ಬು,
ಮದುವೆ ಮನೆಯ ಕೋಣೆಯಲ್ಲಿ ಒಟ್ಟಿದ ದಿಂಬಿನ ರಾಶಿ.
ನಾವೀಗ ಕಡಲ ತಳದಲ್ಲಿದ್ದೇವೆ, ಎಂದೆ.
ಬೆವರೊರೆಸಿಕೊಳ್ಳುತ್ತ ಎಲ್ಲರೂ ಕಾಲ ಕೆಳಗೆ ನೋಡಿಕೊಂಡರು.
ನೆಲ ಬಿರಿದು ಲಾವಾ ಉಕ್ಕಿತು,
ತಣ್ಣೀರು ತಾಕಿ ಸಿಪ್ಪೆ ಕಟ್ಟಿತು,
ಸಿಪ್ಪೆ ಒಡೆದು ಇನ್ನೊಂದು ಮುದ್ದೆ...
"ಬೋಂಡಾ ಉಲ್ಟಾ," ಎಂದ ಹಿಂದಿನಿಂದ ಚಿದಾನಂದ,
"ಹಿಟ್ಟು ಬಿಸಿ, ಎಣ್ಣೆ ತಣ್ಣಗೆ."
ಹನ್ನೊಂದು ವರ್ಷದ ಪಾಠದಲ್ಲಿ
ಈ ಮಾತು ನನಗೆ ಹೊಳೆದಿರಲಿಲ್ಲ.

ಆಸ್ಮಾಳ ಅಜ್ಜ ಬುಡೇನ್ ಸಾಬರು ಮಾತ್ರ ಕೇಳುತ್ತಿರಲಿಲ್ಲ.
ಮನೆಯವರೂ ಬರಬಹುದು ಎಂದು ಚೀಟಿಯಲ್ಲಿ ಬರೆದಿದ್ದೆ, ಬಂದಿದ್ದರು.
ಹಿರಿಯೂರಿನಲ್ಲಿ ಐವತ್ತು ವರ್ಷ ಹತ್ತಿ ಬಡಿದ ಕೈ,
ಬಿಲ್ಲಿನ ಸದ್ದಿಗೆ ಅರ್ಧ ಹೋದ ಕಿವಿ.
ಮೊಣಕಾಲೂರಿ ಒಂದೊಂದನ್ನೇ ಅಂಗೈಯಲ್ಲಿ ಸವರಿದರು,
ಗಿರಾಕಿ ವಾಪಸ್ಸು ತಂದ ಮಾಲು ನೋಡುವ ಹಾಗೆ.

"ಇದು ಮೊದ್ಲು ಹಾಕಿದ್ದು ಮೇಡಂ. ಇದು ಆಮೇಲೆ."
ಹೇಗೆ?
"ಮೇಲಿಂದು ಇನ್ನೂ ಮೆತ್ತಗಿತ್ತು.
ಕೆಳಗಿನ ಎರಡರ ಸಂದಿಗೆ ಇಳಿಬಿದ್ದು ಕೂತೈತೆ ನೋಡಿ.
ನೆತ್ತಿ ದುಂಡಗೆ, ಅಡಿ ಚೂಪು.
ನಮ್ಮ ಅಂಗಡಿ ಅಟ್ಟದ ಮ್ಯಾಗೂ ಹಿಂಗೇ ಕೂರ್ತವೆ."
ಮತ್ತೆ ಕತ್ತು ವಾಲಿಸಿ, ತುಸು ಹೊತ್ತು ಬಿಟ್ಟು,
"ಆದ್ರೆ ನೆತ್ತಿ ಮುಗಿಲ ಕಡೆ ಇಲ್ವಲ್ಲ.
ಆ ಜಾಲಿ ಗಿಡದ ಕಡೆ ಐತೆ.
ಇಡೀ ಅಟ್ಟಾನೇ ಯಾರೋ ಪಕ್ಕಕ್ಕೆ ಮಲಗಿಸವ್ರೆ."

ನನ್ನ ಚೀಲದಲ್ಲಿ ಫ್ಲೆಕ್ಸಿತ್ತು,
ಇದೇ ಮಾತಿಗೆ ಕೆಂಪು ಬಾಣ ಬರೆಸಿ ತಂದದ್ದು.
ಬಿಚ್ಚಲಿಲ್ಲ.
ಇಪ್ಪತ್ತೇಳು ಕತ್ತು ಜಾಲಿಯ ಕಡೆ ವಾಲಿ ನಿಂತವು.
ಅಲ್ಲಿ ಆಗ ನೀರಿತ್ತು, ನೀರಿನ ಮೇಲೆ
ಯಾರೂ ನೋಡದ ಒಂದು ಹಗಲು.

ಕೆಳಗಿನ ದಿಂಬಿಗೆ ಬಿಳಿ ಪೇಂಟಿನಲ್ಲಿ ಎರಡು ಹೆಸರು,
ನಡುವೆ ಹೃದಯ. ಇದು ಎಷ್ಟು ಹಳೇದು ಮಿಸ್,
ಆಸ್ಮಾ ನಿಜವಾಗಿ ಕೇಳಿದಳು.
ಉಗುರಿನ ಕೊಳೆಯಷ್ಟು, ಎಂದೆ.
ಅವಳು ತನ್ನ ಉಗುರು ನೋಡಿಕೊಂಡಳು.

ಚಿತ್ರಾನ್ನ ತಿಂದೆವು. ಬುಡೇನ್ ಸಾಬರದ್ದು ಒಂದೇ ತಕರಾರು:
"ಭಾಳ ಗಟ್ಟಿ ತುಂಬವ್ರೆ ಮೇಡಂ, ನಿದ್ದೆ ಬರಲ್ಲ."

ವಾಪಸ್ಸು ಬರುವಾಗ ಬಸ್ಸಿನ ಕೊನೇ ಸೀಟಿನಲ್ಲಿ
ಐದು ಮಕ್ಕಳು ಒಬ್ಬರ ಮೇಲೊಬ್ಬರು ನಿದ್ದೆ.
ಚಿದಾನಂದನ ತಲೆ
ಇಬ್ಬರ ಭುಜದ ಸಂದಿಗೆ ಇಳಿದಿದೆ.
ಎಣಿಸಲು ಎದ್ದವಳು ಅಲ್ಲೇ ನಿಂತೆ:
ಇವನು ಕೊನೆಗೆ ಮಲಗಿದವನು,
ಅವರಿಬ್ಬರು ಮೊದಲು.